ಹಾಗ್ವರ್ಟ್ಸ್ ರೈಲಿನ ಮುಚ್ಚಿದ ಬಾಗಿಲು

"ಪೊರಕೆ ಮೇಲೆ ಹಾರೋಕೆ ಬರುತ್ತಲ್ಲ ಚಿಕ್ಕಮ್ಮ, ಮತ್ತೆ ಇವರು ರೈಲಲ್ಲಿ ಯಾಕೆ ಹೋಗ್ತಾರೆ?" ಎಂದು ಅಕ್ಕನ ಮಗಳು ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕದಿಂದ ತಲೆಯೆತ್ತಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಒಂದು ಮನೆಯ ಒಲೆಯನ್ನು ಹೊಕ್ಕು ಇನ್ನೊಂದು ಮನೆಯ ಒಲೆಯಲ್ಲಿ ಹೊರಬೀಳಲು ಪುಡಿಯಿದೆ, ನಿಂತಲ್ಲೇ ಮಾಯವಾಗುವ ವಿದ್ಯೆಯಿದೆ. ಆದರೂ ಪ್ರತಿ ಸೆಪ್ಟೆಂಬರ್ 1ರ ಬೆಳಿಗ್ಗೆ 11 ಗಂಟೆಗೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಒಂಬತ್ತೂಮುಕ್ಕಾಲನೆಯ ಪ್ಲಾಟ್‌ಫಾರ್ಮಿನಿಂದ ಕೆಂಪು ಉಗಿಬಂಡಿ ಹೊರಡುತ್ತದೆ. ನೂರಾರು ಮಕ್ಕಳು ಜನಸಾಮಾನ್ಯರ ಕಣ್ಣಿಗೆ ಬೀಳದೆ, ಅವಘಡವಿಲ್ಲದೆ ಹಾಗ್ವರ್ಟ್ಸ್ ಎಂಬ ಮಾಯಾಶಾಲೆ ತಲುಪಲೆಂದು ಈ ಏರ್ಪಾಡಾಯಿತೆಂದು ಲೇಖಕಿ ಜೆ. ಕೆ. ರೌಲಿಂಗ್ ಮುಂದೆ ಬರೆದ ಟಿಪ್ಪಣಿಯೊಂದರಲ್ಲಿ ವಿವರಿಸಿದ್ದಾರೆ. ಸರ್ಕಾರಿ ಸುತ್ತೋಲೆಯಂತಿರುವ ಆ ವಿವರಣೆ ನನಗೇನೋ ರುಚಿಸಲಿಲ್ಲ.

ವಸತಿಶಾಲೆಗೆ ರೈಲಿನಲ್ಲಿ ಹೋಗುವುದು ಇಂಗ್ಲಿಷ್ ಮಕ್ಕಳ ಕಥೆಗಳಿಗೆ ಹಳೆಯ ರೂಢಿ. 1946ರಲ್ಲಿ ಆರಂಭವಾದ ಎನಿಡ್ ಬ್ಲೈಟನ್ನರ ಮ್ಯಾಲರಿ ಟವರ್ಸ್ ಮಾಲೆಯ ಹುಡುಗಿಯರೂ ರೈಲು ಹತ್ತಿದವರೇ. ಅಮೆರಿಕದ ಅರ್ಸುಲಾ ಲೆ ಗ್ವಿನ್ 1968ರಲ್ಲಿ ತಮ್ಮ ಮಾಂತ್ರಿಕ ಬಾಲಕನನ್ನು ರೋಕ್ ದ್ವೀಪದ ಶಾಲೆಗೆ ಹಡಗಿನಲ್ಲಿ ಕಳುಹಿಸಿದರು. ರೌಲಿಂಗ್ ಅವರಿಗಂತೂ ಕಥೆ ಹೊಳೆದದ್ದೇ 1990ರಲ್ಲಿ, ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಬರುತ್ತಿದ್ದ, ತಡವಾಗಿದ್ದ ರೈಲಿನಲ್ಲಿ.

ಇಷ್ಟಾದರೂ, ಆ ರೈಲಿನ ನಿಜವಾದ ಉಪಯೋಗ ಅದರ ಒಳಗಿನ ಪುಟ್ಟ ಕಂಪಾರ್ಟ್‌ಮೆಂಟಿನಲ್ಲಿದೆ ಎಂದು ನನಗೆ ತೋರುತ್ತದೆ. ಅಪ್ಪ ಅಮ್ಮ ಪ್ಲಾಟ್‌ಫಾರ್ಮಿನಲ್ಲೇ ಉಳಿದಿದ್ದಾರೆ, ಮೇಷ್ಟ್ರುಗಳು ಇನ್ನೂ ಎದುರಾಗಿಲ್ಲ, ಬಾಗಿಲು ಎಳೆದುಕೊಂಡರೆ ಒಳಗೆ ಮಕ್ಕಳದ್ದೇ ರಾಜ್ಯ. ಅಲ್ಲಿಯವರೆಗೂ ದೊಡ್ಡಮ್ಮನ ಮಗನ ಹಳೆಯ ಬಟ್ಟೆ ತೊಟ್ಟು ಬೆಳೆದ ಅನಾಥ ಹುಡುಗ ಹ್ಯಾರಿ ತಿಂಡಿಯ ಗಾಡಿ ಬಂದಾಗ ಎಲ್ಲದರಲ್ಲೂ ಒಂದಿಷ್ಟು ಕೊಂಡು, ಅಮ್ಮ ಕಟ್ಟಿಕೊಟ್ಟ ಒಣ ಸ್ಯಾಂಡ್‌ವಿಚ್ ಹಿಡಿದು ಸಂಕೋಚದಿಂದ ಕುಳಿತಿದ್ದ ಹೊಸ ಗೆಳೆಯ ರಾನ್ ಜೊತೆ ಹಂಚಿಕೊಂಡು ತಿನ್ನುತ್ತಾನೆ. ಹಂಚಿಕೊಳ್ಳಲು ತನ್ನದೆಂಬುದೊಂದು ಇರುವುದು ಅವನಿಗೆ ಅದೇ ಮೊದಲು. ಸ್ವಲ್ಪ ಹೊತ್ತಿಗೆ ಅದೇ ಶಾಲೆಗೆ ಹೊರಟ ಡ್ರೇಕೊ ಮ್ಯಾಲ್ಫೊಯ್ ಎಂಬ ಹುಡುಗ ಬಾಗಿಲು ಸರಿಸಿ ಬಂದು, ಕೆಲವು ಮನೆತನಗಳು ಉಳಿದವುಗಳಿಗಿಂತ ಮೇಲು ಎಂಬ ಧಾಟಿಯಲ್ಲಿ ಮಾತಾಡಿ ಕೈ ಚಾಚಿದಾಗ ಹ್ಯಾರಿ ಆ ಕೈಯನ್ನು ಹಿಡಿಯುವುದಿಲ್ಲ. ಶಾಲೆಯ ಮಾಂತ್ರಿಕ ಟೋಪಿ ಮಕ್ಕಳನ್ನು ಬೇರೆಬೇರೆ ಬಣಗಳಿಗೆ ಹಂಚುವ ಮುನ್ನವೇ, ಹಿರಿಯರ ಸಾಕ್ಷಿಯಿಲ್ಲದೆ, ಯಾರ ಜೊತೆ ಇರಬೇಕೆಂಬುದು ತೀರ್ಮಾನವಾಗಿಬಿಟ್ಟಿರುತ್ತದೆ.

2001ರ ಚಲನಚಿತ್ರ ಈ ಕೈಕುಲುಕುವ ಪ್ರಸಂಗವನ್ನು ರೈಲಿನಿಂದ ಶಾಲೆಯಿರುವ ಕೋಟೆಯ ಮೆಟ್ಟಿಲಿಗೆ ಸಾಗಿಸಿತು. ನನ್ನ ದೃಷ್ಟಿಯಲ್ಲಿ ಅದು ನಷ್ಟವೇ. ಸಹಪಾಠಿಗಳೆಲ್ಲ ನೋಡುತ್ತಿರುವಾಗ ಹೇಳಿದ 'ಬೇಡ'ಕ್ಕೆ ಸಭಿಕರ ಬಲ ಸೇರಿಕೊಳ್ಳುತ್ತದೆ. ಸ್ಕಾಟ್‌ಲೆಂಡಿನ ಗ್ಲೆನ್‌ಫಿನನ್ ಸೇತುವೆಯ 21 ಕಮಾನುಗಳ ಮೇಲೆ ಉಗಿಬಂಡಿ ಹಾಯುವ ನೋಟವನ್ನು ಮಾತ್ರ ಈ ಚಿತ್ರಗಳು ಧಾರಾಳವಾಗಿ ಕೊಟ್ಟವು. ಸಕಲೇಶಪುರದ ಘಾಟಿಯನ್ನು ಹಗಲಿನಲ್ಲಿ ರೈಲಿನಲ್ಲಿ ಇಳಿದವರಿಗೆ ಅಂಥ ನೋಟ ತೀರಾ ಹೊಸದೇನಲ್ಲ.

ಆ ಬಾಗಿಲಿನ ಬೆಲೆ ಪೂರ್ತಿ ತಿಳಿಯುವುದು ಮೂರನೆಯ ಪುಸ್ತಕದಲ್ಲಿ. ರೈಲು ನಡುದಾರಿಯಲ್ಲಿ ನಿಂತು, ದೀಪಗಳು ಆರಿ, ಮನಸ್ಸಿನ ಸಂತೋಷವನ್ನೇ ಹೀರುವ ಡಿಮೆಂಟರ್ ಎಂಬ ಭೀಕರ ಜೀವಿ ಒಂದು ಕಂಪಾರ್ಟ್‌ಮೆಂಟಿನ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಮೂಲೆಯಲ್ಲಿ ಮಲಗಿದ್ದ ಹೊಸ ಮೇಷ್ಟ್ರು ಲೂಪಿನ್ ಎದ್ದು ಅದನ್ನು ಓಡಿಸಿ ಮಕ್ಕಳಿಗೆ ಚಾಕೊಲೇಟ್ ಹಂಚುತ್ತಾರೆ. ಹಿರಿಯರೊಬ್ಬರು ಒಳಗೆ ಕುಳಿತಿದ್ದಾರೆ ಎಂಬುದೇ ಈ ವರ್ಷ ಏನೋ ಕೆಟ್ಟದ್ದಿದೆ ಎಂಬುದರ ಸೂಚನೆ.

ನಮ್ಮ ಮೆಜೆಸ್ಟಿಕ್ಕಿನಿಂದ ಹೊರಡುವ ಸ್ಲೀಪರ್ ಬೋಗಿಯಲ್ಲಿ ಇಂಥ ಕಥೆ ನಡೆಯುವುದು ಕಷ್ಟ, ಏಕೆಂದರೆ ಅಲ್ಲಿ ಎಳೆದುಕೊಳ್ಳಲು ಬಾಗಿಲೇ ಇಲ್ಲ. ಒಬ್ಬಂಟಿ ಹುಡುಗನನ್ನು ಕಂಡ ಎದುರು ಸೀಟಿನ ಅಜ್ಜಿ "ಯಾವೂರಪ್ಪಾ, ಯಾರ ಮಗ ನೀನು?" ಎಂದು ಕೇಳಿ, ಯಶವಂತಪುರ ದಾಟುವುದರೊಳಗೆ ಕೈಗೆ ಚಕ್ಕುಲಿ ಕೊಟ್ಟು, ಅವನ ಅನಾಥಭಾವವನ್ನೇ ಕೆಡಿಸಿಬಿಡುತ್ತಾರೆ. ಆದರೂ ನಮ್ಮ ಮಕ್ಕಳಿಗೆ ಅಪ್ಪರ್ ಬರ್ತ್ ಇದೆ. ವಿಜಯಪುರದ ಸೈನಿಕ ಶಾಲೆಗೆ ಹೊರಟ ಇಬ್ಬರು ಹುಡುಗರು ರಾತ್ರಿಯಿಡೀ ಓಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ, ಹತ್ತು ಗಂಟೆಗೆ ದೀಪಗಳು ಆರಿ ಕೆಳಗಿನವರೆಲ್ಲ ಮುಸುಕೆಳೆದ ಮೇಲೆ, ಎದುರುಬದುರು ಮೇಲಿನ ಬರ್ತ್‌ಗಳಲ್ಲಿ ಬೋರಲಾಗಿ ಮಲಗಿ ಪಿಸುಗುಡುವುದನ್ನು ಯಾರು ತಡೆದಾರು? ಕನ್ನಡದಲ್ಲಿ ಮಾಯಾಶಾಲೆಯ ಕಥೆ ಬರೆಯುವವರು ತಮ್ಮ ರೈಲನ್ನು ರಾತ್ರಿಯೇ ಹೊರಡಿಸಲಿ.