"ಹಾಗಾದ್ರೆ ಆಗ ಕುಡಿಯಲಿ"

ಭಾನುವಾರದಿಂದ ಆ ಒಂದು ಮಾತು ಕಿವಿಯಲ್ಲೇ ಕೂತಿದೆ.

ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬ ಅವತ್ತು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಬಸಳೆ ಕಟ್ಟು, ಕುಂಬಳಕಾಯಿ, ಊರ ಕೋಳಿ, ಯಾರೋ ಪ್ರೀತಿಯಿಂದ ತಂದ ಒಂದೇ ಒಂದು ನಿಂಬೆಹಣ್ಣು. ನಡುವೆ ಮೊಳಕೆ ಬಂದ ತೆಂಗಿನಕಾಯಿ ಬಂತು. ಎರಡು ಎಲೆ ಬಿಟ್ಟಿತ್ತು. ಮೈದುನನ ಮಗಳು, ಏಳು ವರ್ಷದವಳು, "ಅರವತ್ತು ರೂಪಾಯಿ" ಅಂತ ಕೂಗಿಬಿಟ್ಟಳು. ಅವಳ ಡಬ್ಬಿಯಲ್ಲಿ ಇದ್ದದ್ದೇ ಅಷ್ಟು. ಅದರ ಮೇಲೆ ಯಾರೂ ಕೂಗಲಿಲ್ಲ. ನಮ್ಮ ಸಭೆಯವರ ಮೇಲೆ ನನಗೆ ಬೇಜಾರುಗಳಿವೆ. ಆದರೆ ಎಲ್ಲರೂ ಬಾಯಿ ಮುಚ್ಚಿ ನಿಂತ ಆ ಒಂದು ನಿಮಿಷ ನಾನು ಮರೆಯುವುದಿಲ್ಲ.

"ಯಾರಿಗೆ ಮಗಾ ಇದು?"

"ದೊಡ್ಡಪ್ಪನಿಗೆ. ಬೊಂಡ ಕುಡಿಯಲಿಕ್ಕೆ."

ನನ್ನ ಗಂಡ ಬೊಂಡ, ಅಂದರೆ ಎಳನೀರು, ಕುಡಿಯುವ ಹಾಗಿಲ್ಲ. ಮೂರು ವರ್ಷದಿಂದ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೆಟ್ಟುಹೋದ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ಹೃದಯದ ಬಡಿತವೇ ತಪ್ಪಬಹುದು. ನೀರಿಗೂ ಲೆಕ್ಕ. ದಿನಕ್ಕೆ ಇಷ್ಟೇ ಅಂತ ಬಾಟಲಿಯ ಮೇಲೆ ಪೆನ್ನಿನಲ್ಲಿ ಗೀಟು ಎಳೆದಿದ್ದೇನೆ. ಬೇಸಗೆಯ ಮಧ್ಯಾಹ್ನ ಅವರು ಆ ಗೀಟನ್ನೇ ನೋಡುತ್ತಾ ಕೂತಿರುವಾಗ ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಮಗುವಿಗೆ ಇದೆಲ್ಲ ಗೊತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಅವರ ಎಡಗೈಯಲ್ಲಿದೆ. ಮುಟ್ಟಿದರೆ ಒಳಗೆ ರಕ್ತ ಗುರ್ ಅಂತ ಹರಿಯುವುದು ತಿಳಿಯುತ್ತದೆ. ಅವಳು ಅದಕ್ಕೆ ಕಿವಿಯಿಟ್ಟು "ಬೆಕ್ಕು ಮಲಗಿದೆ" ಅನ್ನುತ್ತಾಳೆ. ಅಷ್ಟು ಹತ್ತಿರದಿಂದ ನೋಡಿದವಳು. ಆದ್ದರಿಂದ ನಾನೂ ಮುಚ್ಚಿಡದೆ ಹೇಳಿದೆ, "ಇದು ಊರ ತಳಿ. ಕಾಯಿ ಬಿಡಲಿಕ್ಕೆ ಆರು ವರ್ಷವಾದರೂ ಬೇಕು, ಗೊತ್ತುಂಟಾ?"

ಅವಳು ಬೆರಳು ಮಡಚಿ ಎಣಿಸಿದಳು. "ಅಂದ್ರೆ ನಾನು ಎಂಟನೇ ಕ್ಲಾಸ್." ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಆಗ ಕುಡಿಯಲಿ."

ಅದೇ ದಿನ ಊಟದ ಹೊತ್ತಿಗೆ ನಮ್ಮ ಸಂಬಂಧಿಕರೊಬ್ಬರು ಪಕ್ಕದಲ್ಲಿ ಕೂತು, "ನಿಮ್ಮ ನಂಬಿಕೆ ಚಿಕ್ಕ ಮಕ್ಕಳ ಹಾಗೆ ಇರಬೇಕಮ್ಮಾ. ಸಂಶಯ ಇಟ್ಟುಕೊಂಡು ಕೇಳಿದರೆ ಗುಣ ಹೇಗೆ ಆಗುತ್ತದೆ?" ಅಂದರು. ಒಳ್ಳೆಯ ಮನುಷ್ಯರು. ಮೊದಲ ಸಲ ಆಸ್ಪತ್ರೆಗೆ ಸೇರಿಸಿದಾಗ ಎರಡು ರಾತ್ರಿ ಬೆಂಚಿನ ಮೇಲೆ ಮಲಗಿದ್ದವರು ಅವರೇ. ಆದರೂ ಕಾಯಿಲೆ ಬಿದ್ದವನ ಹೆಗಲ ಮೇಲೆ ಗುಣವಾಗದ ತಪ್ಪನ್ನೂ ಹೊರಿಸುವುದು ಕ್ರೂರ. ಅನ್ನ ಕಲಸುತ್ತಾ ನಾನು ಸುಮ್ನೆ ಇದ್ದೆ. ಹೇಳಬೇಕಿತ್ತು.

ಚಿಕ್ಕ ಮಕ್ಕಳ ನಂಬಿಕೆ ಅಂದರೆ ಪ್ರಶ್ನೆ ಕೇಳದ ನಂಬಿಕೆ ಅಂತ ಯಾರು ಹೇಳಿದರು? ಮಕ್ಕಳಷ್ಟು ಪ್ರಶ್ನೆ ಕೇಳುವವರು ಯಾರಿದ್ದಾರೆ? ಬೈಬಲಿನ ಕೀರ್ತನೆ 13ರಲ್ಲಿ ದಾವೀದನು ದೇವರನ್ನು "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ. ಕಾರಿನಲ್ಲಿ ಕೂತ ಮಗು "ಇನ್ನೂ ಎಷ್ಟು ದೂರ" ಅಂತ ಕೇಳಿದ ಹಾಗೆ. ಬೇಜಾರು ಮಾಡಿಕೊಳ್ಳುತ್ತದೆ, ಅಳುತ್ತದೆ. ಆದರೆ ಅಪ್ಪ ದಾರಿಯಲ್ಲಿ ಇಳಿಸಿ ಹೋದಾನು ಅಂತ ಅದಕ್ಕೆ ಅನ್ನಿಸುವುದೇ ಇಲ್ಲ.

ನಾವು ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಕಿಡ್ನಿಗಾಗಿ ಹೆಸರು ಬರೆಸಿ ಕಾಯುತ್ತಿದ್ದೇವೆ. ನನ್ನ ಕಿಡ್ನಿ ಕೊಡೋಣವೆಂದರೆ ನನಗೆ ಸಕ್ಕರೆ ಕಾಯಿಲೆ, ಬೇಡವೆಂದರು. ಈಗ ರಾತ್ರಿ ಮೊಣಕಾಲೂರಿದಾಗ "ಬೇಗ ಸಿಗಲಿ ಕರ್ತನೇ" ಅನ್ನಲು ನಾಲಿಗೆ ಏಳುವುದಿಲ್ಲ. ಸಿಗಬೇಕಾದರೆ ಯಾರದೋ ಮನೆಯಲ್ಲಿ ಸಾವು ಆಗಬೇಕು. ಅಲ್ಲಿಯೂ ಒಬ್ಬಳು ಹೆಂಡತಿ ಇರುತ್ತಾಳೆ ಅಲ್ವಾ? ಎಷ್ಟೋ ರಾತ್ರಿ ಏನೂ ಕೇಳದೆ, ಆಮೆನ್ ಮಾತ್ರ ಹೇಳಿ ಎದ್ದಿದ್ದೇನೆ. ಅದು ನಂಬಿಕೆ ಕಡಿಮೆಯಾದ್ದಕ್ಕೆ ಅಲ್ಲ. ಅದನ್ನು ಆ ಸಂಬಂಧಿಕರಿಗೆ ಹೇಗೆ ಹೇಳಲಿ?

ಈ ವಾರ ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ತೆಗೆದು ಓದಿದೆ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಯೆರೆಮೀಯ ಸೆರೆಯಲ್ಲಿದ್ದಾನೆ. ಊರು ಬೀಳುತ್ತದೆ ಅಂತ ಸಾರಿದವನೂ ಅವನೇ. ಅಂಥ ಹೊತ್ತಿನಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ತನ್ನ ಹುಟ್ಟೂರು ಅನಾತೋತಿನ ಹೊಲ ಕೊಳ್ಳುತ್ತಾನೆ. ಹೊಲದ ಕ್ರಯಪತ್ರ ಬಹುಕಾಲ ಉಳಿಯಲಿ ಅಂತ ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಎಷ್ಟೋ ಸಲ ಓದಿದ್ದೆ. ಆ ಬೆಳ್ಳಿ ಅರವತ್ತು ರೂಪಾಯಿಯ ಹಾಗೆ ಕಂಡದ್ದು ಈಗಲೇ.

ಅವಳು ನಾಳೆಯೇ ಗುಣವಾಗುತ್ತದೆ ಅನ್ನಲಿಲ್ಲ. ಆರು ವರ್ಷ ಎಣಿಸಿದಳು. ಆ ಆರು ವರ್ಷದಲ್ಲಿ ದೊಡ್ಡಪ್ಪನನ್ನೂ ಸೇರಿಸಿಯೇ ಎಣಿಸಿದಳು. ನಾನು ಮೂರು ವರ್ಷದಿಂದ ಮುಂದಿನ ಡಯಾಲಿಸಿಸ್‌ನಿಂದ ಆಚೆಗೆ ಎಣಿಸಿಯೇ ಇಲ್ಲ.

ಮಂಗಳವಾರ ಸಂಜೆ ಬಾವಿಯ ಪಕ್ಕ ಮೈದುನ ಗುಂಡಿ ತೋಡಿದ. ಫಿಸ್ಟುಲಾ ಇರುವ ಕೈಯಲ್ಲಿ ಭಾರ ಎತ್ತಬಾರದು, ಹಾಗಾಗಿ ಇವರು ಬಲಗೈಯಲ್ಲಿ ಚೊಂಬು ಹಿಡಿದು ನೀರು ಹಾಕಿದರು. ಒಂದು ಚೊಂಬು, ಎರಡು, ಮೂರು. "ಸಾಕು, ಕೊಳೆಯುತ್ತದೆ" ಅಂದ ಮೈದುನ. ಇವರು ಇನ್ನೊಂದು ಚೊಂಬು ಹಾಕಿದರು. ಮಗು ಅವರ ಎಡಗೈಗೆ ಕಿವಿಯಿಟ್ಟು ನಿಂತಿತ್ತು.

"ದೊಡ್ಡಪ್ಪಾ, ಬೆಕ್ಕು ಎದ್ದಿದೆ."