ಕೆಂಪು ನೀರಿನ ರಾತ್ರಿ

ಮಳೆ ಹಿಡಿದರೆ ತುಂಗಭದ್ರೆ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ನಮ್ಮ ನಿದ್ದೆ ಹೋಗುತ್ತದೆ. ದಾವಣಗೆರೆ ಮಲಗಿದ್ದಾಗ ನಾನು ನೀರು ಶುದ್ಧೀಕರಣ ಘಟಕದಲ್ಲಿ ಮಂಡಕ್ಕಿ ಪೊಟ್ಟಣ ಪಕ್ಕಕ್ಕಿಟ್ಟು, ನೀರು ತಿಳಿಯಾಗಲು ಎಷ್ಟು ಆಲಂ (ಪಟಿಕ) ಬೇಕೆಂದು ನೋಡುವ ಜಾರ್ ಟೆಸ್ಟ್ ಮೂರನೇ ಸಲ ಮಾಡುತ್ತಿದ್ದೆ. 6 ಬೀಕರಿಗೂ ಬೇರೆ ಬೇರೆ ಅಳತೆಯ ಆಲಂ ಹಾಕಿ, ಕಲಕಿ, ಸುಮ್ನೆ ನೋಡುತ್ತಾ ಕೂರುವುದು. ನಾಲ್ಕನೆಯದರಲ್ಲಿ ಮಣ್ಣು ಹತ್ತಿ ಎಳೆಯ ಹಾಗೆ ಗಂಟುಗಟ್ಟಿ ಮೆಲ್ಲಗೆ ಕೆಳಗಿಳಿಯಿತು.

"ಸಾರ್, ಜಾಸ್ತಿ ಹಾಕಿದ್ರೆ ಬೇಗ ತಿಳಿಯಾಗಲ್ವಾ?" ಅಂದ ಹೊಸ ಹುಡುಗ. ಕೊನೆಯ ಬೀಕರ್ ತೋರಿಸಿದೆ, ಎಲ್ಲಕ್ಕಿಂತ ಜಾಸ್ತಿ ಆಲಂ ಅದಕ್ಕೇ, ಇನ್ನೂ ಮಬ್ಬು. ಸಾರಿಗೆ ಉಪ್ಪು ಹಾಕಿದ ಹಾಗೇ, ಅಲ್ವಾ?

ಬೆಳಿಗ್ಗೆ ಮನೆಗೆ ಬಂದರೆ ಹೆಂಡತಿಯ ದೂರು, "ನಲ್ಲಿ ನೀರು ಔಷಧಿ ವಾಸನೆ." ಕ್ರಿಮಿ ಕೊಲ್ಲುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಕಣೇ ಅಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ, ಅದೇ ನೀರಲ್ಲಿ ಚಹಾಕ್ಕಿಟ್ಟಳು.