ಎಂಟು ಬಟನ್ನು, ಒಂದು ಸದ್ದು

15 ಅಕ್ಟೋಬರ್ 2024, ಮಂಗಳವಾರ, ರಾತ್ರಿ 11

ಮಳೆ ಬಿಟ್ಟಿಲ್ಲ. ಪೀಣ್ಯ ಎರಡನೇ ಹಂತದ ರಸ್ತೆ ಕೆರೆಯಾಗಿತ್ತು (ಯಾವ ಮಳೆಗೆ ಆಗಲ್ಲ ಅಂತ ಕೇಳಬೇಡಿ). ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಊಟ ಸೇರಲಿಲ್ಲ.

ಮಧ್ಯಾಹ್ನ ಮೂರನೇ ನಂಬರ್ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸೋ ಮೆಷಿನ್ನು) 14 ನಿಮಿಷ ನಿಂತಿತು. ನಾವೆಲ್ಲ ಮೇಷ್ಟ್ರು ಅನ್ನೋ ಹಿರಿಯ ಆಪರೇಟರ್ ಮೆಷಿನ್ನು. ತಲೆ ಮೇಲೆ ಕೆಂಪು ದೀಪ ಮಿಣಮಿಣ. ಟ್ಯಾಬ್ ನಿಂತ ಕಾರಣ ಕೇಳ್ತಾ ಇತ್ತು, ಒಂದೊಂದು ಕಾರಣಕ್ಕೆ ಒಂದೊಂದು ಬಟನ್. ಆಯುಧ ಪೂಜೆಗೆ ಹುಡುಗರು ಅದಕ್ಕೂ ಕುಂಕುಮ ಇಟ್ಟಿದ್ದರು, ಕ್ಯಾಮೆರಾ ಮೇಲೆ ಇನ್ನೂ ಅಂಟಿಕೊಂಡಿದೆ. ಮೇಷ್ಟ್ರು ಜಾಗದಲ್ಲಿಲ್ಲ. ಎಂಟು ಬಟನ್ ನೋಡಿದೆ. ಮೆಟೀರಿಯಲ್ ಇದೆ, ಕರೆಂಟ್ ಇದೆ, ಟೂಲ್ ಇನ್ನೂ 40 ಪೀಸ್ ಓಡುತ್ತೆ ಅಂತ ಕೌಂಟರೇ ಹೇಳ್ತಿದೆ. 'ಆಪರೇಟರ್ ಇಲ್ಲ' ಒತ್ತಿಬಿಟ್ಟೆ.

ಅವರಿದ್ದದ್ದು ಇನ್ಸ್‌ಪೆಕ್ಷನ್ ಟೇಬಲ್ ಹತ್ತಿರ, ಕೈಯಲ್ಲಿ ಬಿಸಿ ಆರದ ಪೀಸ್ ಹಿಡಿದು.

"ಬೋರಿಂಗ್ ಬಾರ್ ಸದ್ದು ಬದಲಾಯ್ತು ಕಣೋ" ಅಂದರು. ತೂತು ಅಗಲ ಮಾಡೋ ಆ ಸರಳಿನ ತುದಿಯ ಕತ್ತರಿಸೋ ಬಿಲ್ಲೆ (ಇನ್ಸರ್ಟ್) ಬಿಚ್ಚಿ ಅಂಗೈಮೇಲೆ ಇಟ್ಟು ತೋರಿಸಿದರು. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲ, ಒಂದು ಚೂರು ಹಾರಿತ್ತು. ಅಳತೆ ಇನ್ನೂ ಕೆಟ್ಟಿರಲಿಲ್ಲ. ಇನ್ನು ನಾಲ್ಕೈದು ಪೀಸಿಗೆ ಕೆಡುತ್ತಿತ್ತು.

ಮೆಷಿನ್ ಎಷ್ಟು ಚೆನ್ನಾಗಿ ದುಡೀತು ಅಂತ ಪರದೆ ಮೇಲೆ ತೋರಿಸೋ ಓಇಇ ಅಂದ್ರೆ ಮೂರು ಲೆಕ್ಕದ ಗುಣಾಕಾರ: ಮೆಷಿನ್ ಎಷ್ಟು ಹೊತ್ತು ಓಡಿತು, ಎಷ್ಟು ಸ್ಪೀಡಲ್ಲಿ, ಎಷ್ಟು ಪೀಸ್ ಸರಿ ಬಂತು. ನೂರಕ್ಕೆ 90, 95, 99 ಬಂದ್ರೂ ಗುಣಿಸಿದಾಗ ನಿಲ್ಲೋದು 84.6ಕ್ಕೆ. ನಮ್ಮ ಯಜಮಾನ್ರಿಗೆ 85ರ ಹುಚ್ಚು. ಅವರದ್ದೂ ತಪ್ಪಲ್ಲ, ಕಸ್ಟಮರ್ ಬಂದು ಮೊದಲು ನೋಡೋದೇ ಆ ಪರದೆ. ಆದರೆ ಕೆಡಬೇಕಿದ್ದ ಪೀಸು ಉಳಿದರೆ ಅದಕ್ಕೆ ಅಲ್ಲೆಲ್ಲೂ ಕಾಲಂ ಇಲ್ಲ.

ಐದು ನಿಮಿಷಕ್ಕೆ ಯಜಮಾನ್ರ ಫೋನು. "ಮೂರನೇದು ಯಾಕ್ರೀ ಕೆಂಪು? ಆಪರೇಟರ್ ಎಲ್ಲಿ ಹೋದ?" ಹೇಳಬಹುದಿತ್ತು. "ನೋಡ್ತೀನಿ ಸಾರ್" ಅಂದೆ. ಹನ್ನೊಂದು ವರ್ಷದ ಸೂಪರ್‌ವೈಸರಿಕೆ!

ಟೀ ಹೊತ್ತಿಗೆ ಮೇಷ್ಟ್ರಿಗೆ ಒಪ್ಪಿಕೊಂಡೆ. ಬೈತಾರೆ ಅಂದುಕೊಂಡಿದ್ದೆ. ಅವರು ವಾಚಿಗೆ ಕೀ ಕೊಡ್ತಾ ಕೂತಿದ್ದರು. ಅವರ ಅಪ್ಪನ ಎಚ್‌ಎಂಟಿ. ಅಪ್ಪ ಜಾಲಹಳ್ಳಿ ಗಡಿಯಾರ ಫ್ಯಾಕ್ಟ್ರಿಯಲ್ಲಿದ್ದವರು. 1961ರಲ್ಲಿ ಶುರುವಾದ ಆ ಗಡಿಯಾರದ ಕೆಲಸಕ್ಕೆ 2016ರಲ್ಲಿ ಸರ್ಕಾರವೇ ಬಾಗಿಲು ಹಾಕೋ ತೀರ್ಮಾನ ಮಾಡಿತು.

"ಬ್ಯಾಟರಿಯ ಕ್ವಾರ್ಟ್ಜ್ ವಾಚ್ ಬಂದಾಗ ಅಪ್ಪನ ಮುಖ ನೋಡಿದೀನಿ. ನಾನ್ಯಾಕೆ ಹೊಸದು ಬೇಡ ಅನ್ಲಿ? ಟ್ಯಾಬ್ ಇರ್ಲಿ. ಒಂದು ಬಟನ್ ಜಾಸ್ತಿ ಹಾಕ್ಸೋ, ಸದ್ದಿಗೆ. ಯಾವತ್ತು, ಎಷ್ಟನೇ ಪೀಸಿಗೆ ಸದ್ದು ಬದಲಾಯ್ತು ಅಂತ ಬರೆದಿಟ್ರೆ ನಾನು ಹೋದ ಮೇಲೆ ಹುಡುಗರಿಗೆ ಬೇಕಾಗುತ್ತೆ."

ನಾಚಿಕೆಯಾಗಿದ್ದು ಇಲ್ಲೇ. ಆ ಎಂಟು ಕಾರಣ ಬರೆದದ್ದು ಮೇಲಿನ ಎಸಿ ರೂಮಿನಲ್ಲಿ. ಸಾಫ್ಟ್‌ವೇರ್‌ನವರು, ಯಜಮಾನ್ರು, ನಾನು. ಒಂದು ಮಧ್ಯಾಹ್ನ, ಬಾದಾಮಿ ಹಾಲು ಕುಡ್ಕೊಂಡು. ಕೆಳಗಿನವರನ್ನು ಒಬ್ಬರನ್ನೂ ಕರೆದಿರಲಿಲ್ಲ. ಸಹಿ ಹಾಕಿದ್ದು ನಾನೇ.

ಇವಳು ಕೇಳ್ತಿದ್ದಾಳೆ, ಇಷ್ಟೊತ್ತಲ್ಲಿ ಏನು ಟೈಪ್ ಮಾಡ್ತಿದೀರಿ ಅಂತ.

ನಾಳೆ ಹತ್ತಕ್ಕೆ ರಿವ್ಯೂ. ಮೊದಲು 'ಆಪರೇಟರ್ ಇಲ್ಲ' ತಪ್ಪಿ ಒತ್ತಿದ್ದು ನಾನು ಅನ್ನಬೇಕು. ಆಮೇಲೆ ಒಂಬತ್ತನೇ ಬಟನ್. ಅದಕ್ಕೆ ಹೆಸರೇನಿಡೋದು? 'ಸದ್ದು' ಅಂದ್ರೆ ನಗ್ತಾರೆ. 'ಅಬ್ನಾರ್ಮಲ್ ನಾಯ್ಸ್' ಅಂದ್ರೆ ಬಹುಶಃ